ಒಂದೇ ಮರಕ್ಕೆ ಎರಡು ಚುಕ್ಕಿ

ಎಂ.ಎಸ್ಸಿ. ಪ್ರಬಂಧಕ್ಕಾಗಿ ಕೆರೆಕಟ್ಟೆಯ ಕಾಡಿನಲ್ಲಿ ಉಪ್ಪಾಗೆ ಮರಗಳ ಜಾಗ ಗುರುತು ಮಾಡಿಕೊಂಡಿದ್ದೆ. ಅದರ ಹುಳಿ ಹಣ್ಣಿನ ಸಿಪ್ಪೆ ಒಣಗಿಸಿ ಮಾರುತ್ತಿದ್ದ ಹೆಂಗಸೊಬ್ಬರು ಮೂರು ದಿನ ಜೊತೆಗೆ ಬಂದಿದ್ದರು. ಅವರು ಮರ ತೋರಿಸುವುದು, ನಾನು ಕಾಂಡದ ಸುತ್ತಳತೆ ತೆಗೆದು ಜಿಪಿಎಸ್ ಅಂಕಿ ಬರೆದುಕೊಳ್ಳುವುದು.

ಕೊಪ್ಪದ ಮನೆಗೆ ಬಂದು, ಪ್ರತಿ ಮರಕ್ಕೆ ಅತಿ ಹತ್ತಿರದ ಮರ ಎಷ್ಟು ದೂರವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದೆ. ಮೊದಲ ಸಲ ಎಲ್ಲ ಉತ್ತರವೂ ಸೊನ್ನೆ. ಪ್ರತಿ ಮರಕ್ಕೂ ಅದೇ ಮರವನ್ನು ನೆರೆಯೆಂದು ಕಂಪ್ಯೂಟರ್ ಎಣಿಸಿತ್ತು. ಅದನ್ನು ಸರಿಪಡಿಸಿದ ಮೇಲೆ ಹಲವು ಮರಗಳ ದೂರ ಮೂರು, ನಾಲ್ಕು ಮೀಟರ್ ಬಂತು. ಉಪ್ಪಾಗೆ ಗುಂಪಾಗಿ ಬೆಳೆಯುತ್ತದೆ ಎಂದು ಬರೆದು, ನಕ್ಷೆಯ ಸಮೇತ ಪ್ರಾಧ್ಯಾಪಕರಿಗೆ ಕಳಿಸಿಬಿಟ್ಟೆ.

ವಾರದ ನಂತರ ಟಿಪ್ಪಣಿ ಪುಸ್ತಕ ತಿರುವಿದಾಗ ತಪ್ಪು ಕಂಡಿತು. ಹತ್ತಿರ ಹತ್ತಿರದ ಪ್ರತಿ ಜೋಡಿಯಲ್ಲೂ ಎರಡು ಮರಗಳ ಸುತ್ತಳತೆ ಒಂದೇ ಇತ್ತು. ಒಂದು ಮೊದಲ ದಿನ ಹೊಳೆ ಕಡೆಯಿಂದ ಹತ್ತಿ ಅಳೆದದ್ದು, ಇನ್ನೊಂದು ಮೂರನೆಯ ದಿನ ಗುಡ್ಡದಿಂದ ಇಳಿದು ಅಳೆದದ್ದು. ಕಾಡಿನಲ್ಲಿ ಜಿಪಿಎಸ್ ಮೂರು, ನಾಲ್ಕು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ.

ಮರುದಿನವೇ ಕೆರೆಕಟ್ಟೆಗೆ ಹೋದೆ. ಮರ ತೋರಿಸಿದ್ದ ಅಕ್ಕ ಜಗಲಿಯಲ್ಲಿ ಹಣ್ಣು ಬಿಡಿಸುತ್ತಿದ್ದರು.

“ಅಕ್ಕಾ, ಒಂದೇ ಮರನ ಎರಡೆರಡು ಸಲ ತೋರ್ಸಿದ್ರಾ?”

ಅವರು ನಕ್ಕರು. “ಓದಿದೋರಿಗೆ ಗೊತ್ತಾಗಕ್ಕೆ ಇಷ್ಟು ದಿನ ಬೇಕಾಯ್ತಾ ಮಾರಾಯ್ತಿ! ಮರದ ಮುಖ ನೋಡಿದ್ರೆ ತಾನೆ? ನೀವು ಆ ಡಬ್ಬಿನೇ ನೋಡ್ತಿದ್ರಿ.”

“ಯಾಕೆ ಹಾಗೆ ಮಾಡಿದ್ರಿ?”

“ಮತ್ತೆ ಎಂತ ಮಾಡದು? ನಾನು ಹೆಕ್ಕೋ ಮರದ ಬುಡಕ್ಕೆ ಈ ಊರೋರು ಯಾರೂ ಹೋಗಲ್ಲ. ಅದು ನಮ್ಮೊಳಗಿನ ಮಾತು. ಕಾಡಿನ ಹಣ್ಣು ಗುತ್ತಿಗೆ ಹಿಡಿಯೋ ಹೊರಗಿನ ಕಂಟ್ರಾಕ್ಟ್‌ನೋರಿಗೆ ಅದೆಲ್ಲ ಉಂಟಾ? ನಕ್ಷೆ ಸಿಕ್ಕಿದ್ರೆ ಹಣ್ಣಾಗೋ ಮೊದ್ಲೇ ಕೊಂಬೆ ಕಡ್ದು ಹೊತ್ಕೊಂಡು ಹೋಗ್ತಾರೆ. ಅದಕ್ಕೇ ಕಾಡೊಳಗಿನ ಮರ ತೋರಿಸ್ಲಿಲ್ಲ. ನಿಮಗೆ ಬೇಜಾರಾಗಬಾರ್ದು ಅಂತ ಇದ್ದದ್ದನ್ನೇ ತಿರುಗಿಸಿ ತೋರಿಸ್ದೆ.”

ಆಮೇಲೆ ನಗು ನಿಲ್ಲಿಸಿ ಕೇಳಿದರು: “ತೋರಿಸಿದ್ದೂ ನಂದೇ ಮರಗಳು. ನಕ್ಷೆಯಿಂದ ಅಳಿಸಿಬಿಡ್ತೀರಲ್ಲ?”

“ಹ್ಞೂಂ” ಎಂದೆ. ನಕ್ಷೆ ಕಳಿಸಿಯಾಗಿದೆ ಎಂದು ಹೇಳಲಿಲ್ಲ.

ಪುನರಾವರ್ತನೆ ತೆಗೆದಾಗ ಇಪ್ಪತ್ತಮೂರು ಮರ ಉಳಿದವು. ಗುಂಪು ಎಂಬುದೇ ಇರಲಿಲ್ಲ. ಪ್ರಾಧ್ಯಾಪಕರು ತಿದ್ದುಪಡಿಯನ್ನು ಒಪ್ಪಿದರು, ನಕ್ಷೆ ಕೈಬಿಡುತ್ತೇನೆಂದರೆ ಒಪ್ಪಲಿಲ್ಲ. “ಮೂಲ ಅಂಕಿಗಳಿಲ್ಲದ ಪ್ರಬಂಧ ಯಾರಿಗೆ ಬೇಕಮ್ಮ?” ಎಂದರು. ಕಾರಣವನ್ನು ಬಿಡಿಸಿ ಹೇಳಬಹುದಿತ್ತು. ವಾದಿಸಿದರೆ ಒಂದು ವರ್ಷ ಹಿಂದೆ ಬೀಳುತ್ತೇನೆ ಎಂಬ ಭಯದಲ್ಲಿ ಸುಮ್ಮನಾದೆ. ಅನುಬಂಧದಲ್ಲಿ ನಕ್ಷೆಯ ಹಾಳೆಯನ್ನು ನಾನೇ ಸೇರಿಸಿದೆ.

ಪದವಿ ಬಂತು. ಮುಂದಿನ ಹಣ್ಣಿನ ಕಾಲದಲ್ಲಿ ಆ ಮರಗಳು ಏನಾದವೆಂದು ಕೇಳಲು ನಾನು ಹೋಗಲಿಲ್ಲ.