ಉಂಡಾಯಿತು ಎಂದ ಹೆಂಗಸರು ಮತ್ತು ಶರಣ್ಯಾಳ ಸಾಲ

ಶರಣ್ಯಾ ನನ್ನ ಮೈದುನನ ಮಗಳು. ಮಲಯ್ ನಾಡಿನ ಬಂದರು ಊರು ಕ್ಲಾಂಗಿನಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ಚಿಕ್ಕವಳಿದ್ದಾಗ ರಜೆಗೆ ಬಂದರೆ ಬೆಕ್ಕಿನ ಬಾಯಿಗೂ ಥರ್ಮಾಮೀಟರ್ ಇಡಲು ಹೋಗುತ್ತಿದ್ದಳು. ಆಗ ನನ್ನ ಯಜಮಾನರು ಬಂದರಿನ ಕೆಲಸದಲ್ಲಿದ್ದರು. "ಇವಳು ಡಾಕ್ಟ್ರಾದ್ರೆ ಮೊದ್ಲು ಬೆಕ್ಕುಗಳೇ ಕ್ಯೂ ನಿಲ್ತಾವೆ ನೋಡು ವಾರಿಜಾ" ಎಂದು ನಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವಳು ನಿಜಕ್ಕೂ ಡಾಕ್ಟರಾದಳು, ಆದರೆ ಚೀಟಿ ಬರೆದುಕೊಡುವ ಡಾಕ್ಟರಲ್ಲ. ಒಂದೇ ಊರಿನಲ್ಲಿ ಒಬ್ಬರ ಸಕ್ಕರೆ ಕಾಯಿಲೆ ಬೇಗ ಗೊತ್ತಾಗಿ ಹತೋಟಿಗೆ ಬರುತ್ತದೆ, ಇನ್ನೊಬ್ಬರಿಗೆ ಕಾಲು ಕತ್ತರಿಸುವ ಹೊತ್ತಿಗೆ ಗೊತ್ತಾಗುತ್ತದೆ. ಯಾಕೆ ಹೀಗೆ ಎಂದು ಹುಡುಕುವುದು ಅವಳ ಸಂಶೋಧನೆ.

"ಇದಕ್ಕೆ ಇಷ್ಟು ಓದ್ಬೇಕಿತ್ತಾ ಮಾರಾಯ್ತಿ? ದುಡ್ಡಿಲ್ಲದವರ ಪಾಡು ಹಾಗೇ ಅಂತ ನಾನೇ ಹೇಳ್ತಿದ್ದೆ."

"ನೀವು ಹೇಳಿದ್ರೆ ಗವರ್ನಮೆಂಟ್ ಕೇಳಲ್ಲ ಲಾ, ದೊಡ್ಡಮ್ಮ. ಅವ್ರಿಗೆ ಪ್ರೂಫ್ ಬೇಕು." ಮಾತಿಗೊಂದು 'ಲಾ' ಸೇರಿಸುವುದು ಇಲ್ಲಿನವರ ರೂಢಿ.

ಓದಿಗಾಗಿ ಮಾಡಿದ ಸಾಲ ಅವಳ ತಲೆಯ ಮೇಲಿತ್ತು. ಸಂಶೋಧನೆಯ ಸಂಬಳದಲ್ಲಿ ಅದು ತೀರುವಂಥದ್ದಲ್ಲ. ಬಾಂಗ್ಸಾರಿನ ಒಂದು ಖಾಸಗಿ ಆಸ್ಪತ್ರೆಯವರು ಒಳ್ಳೆಯ ಸಂಬಳ ಕೊಡುತ್ತೇವೆ, ಆಫೀಸಿನಲ್ಲಿ ಕುಳಿತು ಕೆಲಸ ಮಾಡು ಎಂದು ಕರೆಯುತ್ತಲೇ ಇದ್ದರು. ಅಷ್ಟರಲ್ಲಿ ಒಂದು ಟ್ರಸ್ಟು ಅವಳ ಕೈ ಹಿಡಿಯಿತು. ಬಡವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರ ಸಾಲವನ್ನು ವರ್ಷಕ್ಕೊಂದು ಪಾಲಿನಂತೆ ಟ್ರಸ್ಟೇ ಬ್ಯಾಂಕಿಗೆ ಕಟ್ಟುತ್ತದೆ. ಪ್ರತಿವರ್ಷ ಹೊತ್ತಿಗೆ ಸರಿಯಾಗಿ ವರದಿ ಕೊಡಬೇಕು. ವರದಿ ತಪ್ಪಿದರೆ ಆ ವರ್ಷದ ಪಾಲು ಇಲ್ಲ. ಪಾಲು ಇಲ್ಲದಿದ್ದರೆ ಶರಣ್ಯಾಳಿಗೆ ಬಾಂಗ್ಸಾರೇ ಗತಿ.

ಬಾಂಟಿಂಗ್ ಕಡೆಯ ತಾಳೆಎಣ್ಣೆ ಎಸ್ಟೇಟಿನಲ್ಲಿ ಕೆಲಸ ಮಾಡುವ ತಮಿಳು ಹೆಂಗಸರ ರಕ್ತ ಪರೀಕ್ಷೆ ಅವಳ ಆ ವರ್ಷದ ಕೆಲಸ. ಬೆಳಿಗ್ಗೆ ಕೂಲಿಯವರ ಲೈನ್ ಮನೆಗಳ ಮುಂದೆ ಮೇಜು ಹಾಕುತ್ತಿದ್ದಳು. ಬಂದವರನ್ನು "ಸಾಪ್ಟಾಚ್ಚಾ ಅಕ್ಕಾ?", ಊಟ ಆಯ್ತಾ ಅಕ್ಕಾ, ಎಂದು ತಮಿಳಿನಲ್ಲಿ ಕೇಳಿ, ಉತ್ತರ ಬರೆದುಕೊಂಡು, ಬೆರಳು ಚುಚ್ಚುತ್ತಿದ್ದಳು. ಎಲ್ಲರೂ "ಆಚ್ಚು ಪಾಪಾ", ಆಯ್ತು ಮಗೂ, ಎನ್ನುತ್ತಿದ್ದರು. ಊಟದ ನಂತರದ ಸಕ್ಕರೆ ಎಂಬ ಸಾಲಿನಲ್ಲಿ ಎಲ್ಲವೂ ಸೇರಿತು. ಆ ಲೆಕ್ಕದಲ್ಲಿ ನೋಡಿದರೆ ಹೆಚ್ಚಿನವರಿಗೆ ಕಾಯಿಲೆಯ ಚಿಂತೆಯಿಲ್ಲ. ಅವಳಿಗೆ ಸಂತೋಷವೂ ಆಗಿತ್ತು, ಒಂದಿಷ್ಟು ಆಶ್ಚರ್ಯವೂ ಆಗಿತ್ತು.

ವರದಿ ಕಳಿಸುವ ವಾರ ಪುಷ್ಪವಲ್ಲಿ ಎಂಬ ಹೆಂಗಸು "ಆಚ್ಚು" ಎಂದು ಹೇಳಿ ಶರಣ್ಯಾಳ ಮೇಜಿನ ಮುಂದೆಯೇ ತಲೆ ತಿರುಗಿ ಕುಸಿದಳಂತೆ. ನೀರು ಕುಡಿಸಿ ಎಬ್ಬಿಸಿದಾಗ ಅವಳ ಸೊಸೆ, "ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ ಇವ್ರು" ಎಂದಳಂತೆ.

ಅಂದು ಸಂಜೆ ಶರಣ್ಯಾ ಮುಖ ಇಳಿಸಿಕೊಂಡು ಬಂದಳು. ನಾನು ಅಭ್ಯಾಸದಂತೆ, "ಊಟ ಆಯ್ತಾ ಮಗಾ?" ಎಂದೆ.

"ಆಯ್ತು ದೊಡ್ಡಮ್ಮ" ಎಂದವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. "ಅಯ್ಯೋ! ಬೆಳಿಗ್ಗೆಯಿಂದ ನಾನು ಏನೂ ತಿಂದೇ ಇಲ್ಲ. ಯಾಕೆ ಆಯ್ತು ಅಂದೆ?"

"ಇನ್ನೆಂತ ಹೇಳ್ತಾರೆ? ಇಲ್ಲ ಅಂದ್ರೆ ಕೇಳಿದವರು ಒಲೆ ಹಚ್ಬೇಕಾಗ್ತದೆ."

ಅವಳು ಅಲ್ಲೇ ಕುಳಿತು ಮೊದಲು ನಕ್ಕಳು, ಆಮೇಲೆ ಅತ್ತಳು. ತಿಂದ ಮೇಲೆ ಅಷ್ಟು ಸಕ್ಕರೆ ಇದ್ದರೆ ಪರವಾಗಿಲ್ಲ, ಖಾಲಿ ಹೊಟ್ಟೆಯಲ್ಲಿ ಅಷ್ಟಿದ್ದರೆ ಅದು ಕಾಯಿಲೆ ಎಂದು ನನಗೆ ಬಿಡಿಸಿ ಹೇಳಿದಳು. ಮರ್ಯಾದೆಗೆ ಆಯಿತು ಎಂದವರು ಎಷ್ಟು ಮಂದಿಯೋ! ಅವರಿಗೆಲ್ಲ ನೀವು ಚೆನ್ನಾಗಿದ್ದೀರಿ ಎಂದು ಹೇಳಿ ಕಳಿಸಿದ್ದಳು.

"ವರದಿ ಹಾಗೇ ಕಳಿಸಿದ್ರೆ ಯಾರಿಗೂ ಗೊತ್ತಾಗಲ್ಲ" ಎಂದಳು, ನನ್ನ ಮುಖ ನೋಡದೆ.

"ಪುಷ್ಪವಲ್ಲಿಗೆ ಗೊತ್ತಾಗ್ತದೆ, ಕಾಲು ಹೋದ ಮೇಲೆ" ಎಂದೆ. ಹೇಳಿದ ಮೇಲೆ ಮಾತು ಸ್ವಲ್ಪ ಕಟುವಾಯಿತೇನೋ ಅನ್ನಿಸಿ, ಬಿಸಿ ಅನ್ನಕ್ಕೆ ಸಾರು ಹಾಕಿ ಅವಳ ಮುಂದಿಟ್ಟೆ. ಅವಳು ಉಂಡು, ಕೈ ತೊಳೆದು ಬಂದು ಟ್ರಸ್ಟಿನ ಅಧಿಕಾರಿಗೆ ಬರೆದಳು: ಸಿದ್ಧವಾದ ವರದಿ ತಪ್ಪು, ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಬೇಕು, ಹೇಳಿದ ದಿನಕ್ಕೆ ಆಗುವುದಿಲ್ಲ.

ಉತ್ತರ ಬರುವವರೆಗೆ ಕಾಯದೆ ಕೆಲಸ ಶುರು ಮಾಡಿದಳು. ಹೆಂಗಸರು ಎದ್ದು ಚಹಾಕ್ಕೆ ನೀರಿಡುವ ಮೊದಲೇ ಎಸ್ಟೇಟಿನಲ್ಲಿರಬೇಕು, ಚುಚ್ಚಿದ ಮೇಲೆ ಅವರಿಗೆ ತಿಂಡಿ ಕೊಡಬೇಕು ಎಂದು ಹೊಸ ಕ್ರಮ ಮಾಡಿಕೊಂಡಳು. ತಿಂಡಿಗೆ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಿಂದ ರೊಟ್ಟಿ ತಪಾವ್, ಅಂದರೆ ಪೊಟ್ಟಣ ಕಟ್ಟಿಸಿ, ತರುತ್ತೇನೆ ಎಂದಾಗ ನಾನು ಬಿಡಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಎಣ್ಣೆ ಸುರಿಯುವ ರೊಟ್ಟಿಯೇ? ಹೆಸರುಬೇಳೆ ಕಡುಬು ಬೇಯಿಸಿಕೊಂಡು ನಾನೂ ಕಾರು ಹತ್ತಿದೆ. "ಏನೂ ಕೇಳೋದೇ ಬೇಡ, ಕಣ್ಣಾರೆ ನೋಡಿದ್ದನ್ನೇ ಬರಿ" ಎಂದು ದಾರಿಯುದ್ದಕ್ಕೂ ಅವಳಿಗೆ ಹೇಳಿದೆ. "ಗೊತ್ತು ದೊಡ್ಡಮ್ಮ, ನಾನು ಡಾಕ್ಟ್ರು" ಎಂದು ಗದರಿದಳು.

ಪುಷ್ಪವಲ್ಲಿಗೆ ಕಾಯಿಲೆ ಇತ್ತು. ಹಾಗೆಯೇ ಇನ್ನೂ ಅನೇಕರಿಗೆ. ಹತ್ತಿರದ ಕ್ಲಿನಿಕ್ಕಿನ ನರ್ಸನ್ನು ಕರೆತಂದು ಅವರೆಲ್ಲರಿಗೂ ಮಾತ್ರೆ ಶುರು ಮಾಡಿಸಿದಳು. ಪುಷ್ಪವಲ್ಲಿ ಮಾತ್ರೆ ಕೈಯಲ್ಲಿ ಹಿಡಿದು, "ನೀನು ಬರದೆ ಇದ್ದಿದ್ರೆ ನಾನು ಚೆನ್ನಾಗೇ ಇರ್ತಿದ್ದೆ" ಎಂದು ರೇಗಿಸಿದಳು. ನಾವು ಮೂವರೂ ನಕ್ಕೆವು.

ಟ್ರಸ್ಟಿನ ಅಧಿಕಾರಿ ರೊಹಾನಾ ಎಂಬ ಮಲಯ್ ಹೆಂಗಸು. ಫೋನ್ ಮಾಡಿದಾಗ ಶರಣ್ಯಾ ಸ್ಪೀಕರಿಗೆ ಹಾಕಿದಳು, ಆಮೇಲೆ ನನಗೆ ಅರ್ಥ ಹೇಳಿದಳು. ನಮ್ಮಲ್ಲೂ ಹಾಗೇ, ನಮ್ಮಮ್ಮನೂ ಹಸಿದಿದ್ದರೂ ಆಯಿತೆಂದೇ ಹೇಳುತ್ತಾಳೆ ಎಂದಳಂತೆ. ಈ ತಪ್ಪನ್ನೂ ವರದಿಯಲ್ಲೇ ಬರೆ, ಬೇರೆಯವರಿಗೂ ಪಾಠ, ತಡವಾದರೂ ತೆಗೆದುಕೊಳ್ಳುತ್ತೇವೆ ಎಂದಳಂತೆ. ತಡವಾದ ತಿಂಗಳುಗಳ ಬ್ಯಾಂಕಿನ ಕಂತನ್ನು ಮಾತ್ರ ಶರಣ್ಯಾ ತಾನೇ ಕಟ್ಟಬೇಕಾಯಿತು. ಜಪಾನಿಗೆ ಹೋಗಬೇಕೆಂದು ಕೂಡಿಟ್ಟದ್ದು ಅದಕ್ಕೆ ಹೋಯಿತು.

ಟ್ರಸ್ಟು ಆ ವರ್ಷದ ಪಾಲನ್ನು ಬ್ಯಾಂಕಿಗೆ ಕಟ್ಟಿದ ದಿನ ಅವಳು ಬಾಂಗ್ಸಾರಿಗೆ ಫೋನ್ ಮಾಡಿ, ಬರುವುದಿಲ್ಲ ಎಂದು ವಿನಯದಿಂದ ಹೇಳಿದಳು. ಫೋನ್ ಇಟ್ಟು, "ನಾಳೆ ಎಸ್ಟೇಟಿಗೆ ಎಷ್ಟು ಕಡುಬು ಮಾಡ್ತೀರಿ?" ಎಂದು ಕೇಳಿದಳು. ಹೆಸರುಬೇಳೆ ನೆನೆಹಾಕಲು ನಾನು ಆಗಲೇ ಎದ್ದಿದ್ದೆ.