ರೆಪ್ಪೆ ಬಡಿಯದ ಪುಟ್ಟತಾಯಮ್ಮ

ಹೊಗೆಸೊಪ್ಪಿನ ಬಣ್ಣ ನೋಡುವುದರಲ್ಲಿ ಪುಟ್ಟತಾಯಮ್ಮನನ್ನು ಮೀರಿಸುವವರು ಅರಕಲಗೂಡಿನ ಸುತ್ತಮುತ್ತ ಇರಲಿಲ್ಲ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನಲ್ಲಿ ಬೆಂದು ಇಳಿದ ಎಲೆಯನ್ನು ಒಂದೊಂದಾಗಿ ನೋಡಿ ಬೇರೆ ಬೇರೆ ಗುಡ್ಡೆ ಹಾಕಬೇಕು. ನಿಂಬೆಹಣ್ಣಿನ ಹಳದಿ ಒಂದು ಕಡೆ, ಕಿತ್ತಳೆ ಒಂದು ಕಡೆ, ಕಂದು ತಿರುಗಿದ್ದು, ಕಲೆ ಬಿದ್ದದ್ದು, ಹಸಿರು ಉಳಿದದ್ದು ಮತ್ತೊಂದು ಕಡೆ. ಅವಳ ಕೈ ಮೊದಲನೇ ಎಲೆಯನ್ನು ಗುಡ್ಡೆಗೆ ಹಾಕುವ ಹೊತ್ತಿಗೆ ಕಣ್ಣು ಮೂರನೆಯದರ ಮೇಲೆ ಇರುತ್ತಿತ್ತು. ಸುಗ್ಗಿಯಲ್ಲಿ ಆರೇಳು ಹೆಂಗಸರನ್ನು ಕಟ್ಟಿಕೊಂಡು ಬ್ಯಾರನ್ನಿನಿಂದ ಬ್ಯಾರನ್ನಿಗೆ ಹೋಗುತ್ತಿದ್ದಳು. ಬಾಯಿಯೂ ಜೋರು. ಅವಳು ಕೂತ ಕಡೆ ನಗು ಇದ್ದೇ ಇರುತ್ತಿತ್ತು.

ಐವತ್ತೆರಡು ದಾಟಿದ ಮೇಲೆ ಒಂದು ದಿನ ಸೊಪ್ಪಿನ ಘಾಟು ತನ್ನ ಮೂಗಿಗೆ ಹತ್ತುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಉಳಿದವರು ಸೀನುತ್ತಿದ್ದರು, ಅವಳು ಸುಮ್ಮನಿದ್ದಳು. ಆಮೇಲೆ ಬಲಭುಜದಲ್ಲಿ ನೋವು ಬಂತು. ಇಷ್ಟು ವರ್ಷ ದುಡಿದ ಮೈ, ನೋಯದೆ ಇರುತ್ತದೆಯೇ ಎಂದು ಎಣ್ಣೆ ತಿಕ್ಕಿಕೊಂಡಳು. ಮೂಗನ್ನೂ ಭುಜವನ್ನೂ ಒಂದೇ ಕಾಯಿಲೆಗೆ ಸೇರಿಸಿ ಯೋಚಿಸುವುದಕ್ಕೆ ಯಾರಿಗೂ ಕಾರಣವಿರಲಿಲ್ಲ.

ಅದರ ಮುಂದಿನ ವರ್ಷ ರಾಮಣ್ಣನ ಸೊಪ್ಪು ಹರಾಜು ಕಟ್ಟೆಯಿಂದ ವಾಪಸು ಬಂತು. ಒಂದೇ ಬೇಲಿನಲ್ಲಿ, ಅಂದರೆ ಒಂದೇ ಮೂಟೆಯಲ್ಲಿ, ಮೂರು ಬಣ್ಣ ಬೆರೆತಿದ್ದವು. ಅವಳಿಂದ ಮೂವತ್ತು ವರ್ಷ ಗ್ರೇಡ್ ಮಾಡಿಸಿದ್ದ ರೈತ ಅವನು. ಬೇಲನ್ನು ಅವಳ ಮುಂದೆಯೇ ಬಿಚ್ಚಿ ಹರಡಿದ.

"ಏನ್ ಪುಟ್ಟತಾಯಕ್ಕ ಇದು? ನಿನ್ ಕೈಯಲ್ಲಿ ಯಾವತ್ತೂ ಇಂಗಾಗಿರ್ನಿಲ್ಲ."

ಅವಳು ಎಲೆಗಳನ್ನು ನೋಡಿದಳು. ಬಣ್ಣ ತಿಳಿಯುತ್ತಿತ್ತು, ಆದರೆ ಬೇಗ ತಿಳಿಯುತ್ತಿರಲಿಲ್ಲ. ಒಂದು ಎಲೆಯ ಮೇಲೆ ನೆಟ್ಟ ಕಣ್ಣನ್ನು ಕಿತ್ತು ಇನ್ನೊಂದರ ಮೇಲೆ ಇಡುವುದೇ ಒಂದು ಕೆಲಸವಾಗಿತ್ತು. ಅದನ್ನು ಹೇಗೆ ಹೇಳುವುದು? ಹೇಳಿದರೆ ಯಾರು ನಂಬುತ್ತಾರೆ? "ತಪ್ಪಾಯ್ತು ಕಣಣ್ಣ" ಅಂದಳು. ರಾಮಣ್ಣ ಬೈಯಲಿಲ್ಲ. "ಈ ಸಲ ನೀನು ಕಟ್ಟು ಕಟ್ಟೋರ ಜೊತೆ ಕೂತ್ಕೊ" ಅಂದ. ಬೈದಿದ್ದರೆ ವಾಸಿಯಿತ್ತು. ಕಟ್ಟು ಕಟ್ಟಲು ಅವಳ ಬೆರಳುಗಳೂ ಒಪ್ಪಲಿಲ್ಲ. ವಾರದಲ್ಲಿ ಮನೆಗೆ ಬಂದು ಕೂತಳು.

ಗಂಡ ಕಾಂತರಾಜು ಗೂಡ್ಸ್ ಆಟೋ ಓಡಿಸುತ್ತಿದ್ದ. ಹೆಂಡತಿ ಮುನಿದಿದ್ದಾಳೆ ಎಂದೇ ಅವನು ತಿಳಿದ. ಮಾತಿಲ್ಲ, ನಗುವಿಲ್ಲ. ಎದುರಿಗೆ ಕೂತರೆ ಮುಖ ಅಲ್ಲಾಡುವುದಿಲ್ಲ, ಕಣ್ಣು ಮಾತ್ರ ಅವನ ಮೇಲೇ.

"ಯಾಕ್ಲೇ ಅಂಗೆ ಗುರಾಯಿಸ್ತೀಯ? ನಾನೇನ್ ಮಾಡ್ದೆ?"

"ನಾನ್ಯಾಕ್ ಗುರಾಯಿಸ್ಲಿ? ಸುಮ್ಕೆ ಕೂತಿವ್ನಿ."

ಅವಳು ನಿಜ ಹೇಳಿದ್ದಳು. ಒಳಗೆ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಮುದ್ದೆ ತಿಂದರೂ ಸರಿ, ಬಿಟ್ಟರೂ ಸರಿ. ಎಮ್ಮೆ ಒದ್ದು ಕರೆದ ಹಾಲು ಚೆಲ್ಲಿದರೂ ಸರಿ.

ಅಂಥ ಹೊತ್ತಿನಲ್ಲೇ ಮಗಳು ಸಿಂಧು ಬಾಣಂತನಕ್ಕೆ ಬಂದಳು. ಅವಳನ್ನು ಕೊಟ್ಟಿದ್ದು ಚನ್ನರಾಯಪಟ್ಟಣಕ್ಕೆ. ಚೊಚ್ಚಲು ಹೆಣ್ಣುಮಗು ಹುಟ್ಟಿತು. ಪುಟ್ಟತಾಯಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಂಟೆಗಟ್ಟಲೆ ನೋಡುತ್ತಿದ್ದಳು. ಕಲ್ಲಿನಂತಾಗಿದ್ದ ಮನಸ್ಸಿನಲ್ಲಿ ಆಗ ಮಾತ್ರ ಏನೋ ಒಂದಿಷ್ಟು ಕರಗುತ್ತಿತ್ತು. ಆದರೆ ಮುಖಕ್ಕೆ ಅದು ತಲುಪುತ್ತಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ನಗದ ಬಾಯಿ, ರೆಪ್ಪೆ ಬಡಿಯದ ಎರಡು ಕಣ್ಣು.

ಮೂರನೇ ತಿಂಗಳಲ್ಲಿ ಮಗುವಿಗೆ ಜ್ವರ ಬಂತು, ಹಾಲು ಕುಡಿಯಲಿಲ್ಲ. ಸಿಂಧುವಿನ ಅತ್ತೆ ಬೆಟ್ಟಮ್ಮ ನೋಡಲು ಬಂದವಳು ಬಾಗಿಲಲ್ಲೇ ನಿಂತು ಬೀಗಿತ್ತಿಯನ್ನು ದಿಟ್ಟಿಸಿದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಒಳಗೆ ಹೋಗಿ ಸೊಸೆಗೆ ಹೇಳಿದ್ದು ಹೊರಗೆ ಕೂತಿದ್ದ ಪುಟ್ಟತಾಯಮ್ಮನಿಗೆ ಪೂರಾ ಕೇಳಿಸಿತು.

"ನಿಮ್ಮವ್ವನ ಕಣ್ಣು ನೆಟ್ಟಗಿಲ್ಲ ಕಣಮ್ಮಿ. ಹೆತ್ತೋಳು ಅಂತ ಸುಮ್ಕಿದ್ರೆ ಮಗೀನ್ ಕಳ್ಕೊಂಡೀಯ."

ಪುಟ್ಟತಾಯಮ್ಮ ಎದ್ದು ಒಳಗೆ ಬಂದಳು. ಮಗಳಿಂದ ತನ್ನ ಪರವಾಗಿ ಒಂದು ಮಾತು ಬರುತ್ತದೆ ಎಂದು ತೊಟ್ಟಿಲ ಬಳಿ ನಿಂತಳು. ಸಿಂಧು ಸೆರಗನ್ನು ಮಗುವಿನ ಮೇಲೆ ಎಳೆದುಕೊಂಡಳು.

"ಅವ್ವಾ, ಒಂದೀಟು ಆಚೆ ಓಗು. ಮಗೀನ್ ಅಂಗೆ ನೋಡ್ಬ್ಯಾಡ."

ಜ್ವರ ಎರಡು ದಿನಕ್ಕೆ ಇಳಿಯಿತು. ಆದರೆ ಮೂರನೇ ದಿನವೇ ಬೆಟ್ಟಮ್ಮ ಸೊಸೆ, ಮೊಮ್ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಮಗುವಿನ ಬಟ್ಟೆಗಳು ಇನ್ನೂ ಹಗ್ಗದ ಮೇಲೆ ಒಣಗುತ್ತಿದ್ದವು.

ಲಸಿಕೆ ಲೆಕ್ಕಕ್ಕೆ ಬಂದ ಆಶಾ ಕಾರ್ಯಕರ್ತೆ ಪ್ರತಿಭಾಗೆ ತೊಟ್ಟಿಲು ಖಾಲಿ ಸಿಕ್ಕಿತು. ನೀರು ತರಲು ಎದ್ದ ಪುಟ್ಟತಾಯಮ್ಮನ ನಡಿಗೆಯನ್ನು ಅವಳು ಗಮನಿಸಿದಳು. ಹೆಜ್ಜೆ ಎಳೆಯುತ್ತಿತ್ತು, ಬಲಗೈ ಬೀಸದೆ ಮೈಗೆ ಅಂಟಿಕೊಂಡಿತ್ತು. "ಇದು ಮುನಿಸೂ ಅಲ್ಲ, ದೃಷ್ಟೀನೂ ಅಲ್ಲ ಕಣಣ್ಣ, ನರದ ಕಾಯ್ಲೆ" ಎಂದು ಕಾಂತರಾಜುಗೆ ಹೇಳಿ ಹಾಸನದ ನರರೋಗ ವೈದ್ಯೆಯೊಬ್ಬರ ಬಳಿಗೆ ಕಳಿಸಿದಳು.

ವೈದ್ಯೆ ಎರಡೂ ಕೈಯ ತೋರುಬೆರಳನ್ನು ಅಗಲವಾಗಿ ಹಿಡಿದು, ಒಮ್ಮೆ ಇದನ್ನು ನೋಡಿ, ಒಮ್ಮೆ ಅದನ್ನು ನೋಡಿ ಅಂದರು. ಕಾಂತರಾಜು ಪಕ್ಕದಲ್ಲಿ ಕೂತು ನೋಡಿದ. ಒಂದೇ ನೆಗೆತಕ್ಕೆ ಹಾರಬೇಕಾದ ಕಣ್ಣು ಮೂರು ಸಣ್ಣ ಹೆಜ್ಜೆ ಇಟ್ಟು ಬೆರಳನ್ನು ಮುಟ್ಟುತ್ತಿತ್ತು. ನಿಮಿಷಕ್ಕೆ ಹದಿನೈದು ಸಲ ಬಡಿಯಬೇಕಾದ ರೆಪ್ಪೆ ಮೂರು ಸಲ ಬಡಿಯಿತು.

"ಇದಕ್ಕೆ ಪಾರ್ಕಿನ್‌ಸನ್ ಅಂತಾರೆ. ಮೆದುಳಿನಲ್ಲಿ ಡೋಪಮಿನ್ ಅನ್ನೋ ಒಂದು ರಾಸಾಯನಿಕ ತಯಾರಾಗುತ್ತೆ. ಇವರಿಗೆ ಅದು ಕಡಿಮೆಯಾಗ್ತಾ ಬಂದಿದೆ. ಕೈಕಾಲು, ಕಣ್ಣು, ಮುಖ ಎಲ್ಲ ನಿಧಾನ ಆಗೋದು ಅದಕ್ಕೇ."

"ಮನಸ್ಸು ಸತ್ತಂಗೆ ಕೂತಿರ್ತಾಳಲ್ಲ ಮೇಡಮ್ಮೋರೆ, ಅದು?" ಎಂದ ಕಾಂತರಾಜು.

"ಮನಸ್ಸಿನ ಉಲ್ಲಾಸಕ್ಕೂ ಅದು ಬೇಕು. ಅದೂ ಕಾಯಿಲೆಯ ಭಾಗವೇ."

ಅಲ್ಲಿಯವರೆಗೂ ಬಾಯಿ ಬಿಡದಿದ್ದ ಪುಟ್ಟತಾಯಮ್ಮ ಮೆಲ್ಲಗೆ ಕೇಳಿದಳು: "ಅಂಗಾರೆ ನನ್ ಕಣ್ಣು ಕೆಟ್ಟದ್ದಲ್ವಾ?"

ಕಣ್ಣಿಗೆ ಏನೂ ಆಗಿಲ್ಲ, ದೃಷ್ಟಿ ಚೆನ್ನಾಗಿದೆ ಎಂದರು ವೈದ್ಯೆ. ಅವಳು ಕೇಳಿದ್ದು ಬೇರೆ ಎಂದು ಕಾಂತರಾಜುಗೆ ತಿಳಿಯಿತು. ಅವನು ತಲೆ ತಗ್ಗಿಸಿದ.

ಗುಳಿಗೆ ಶುರುವಾಯಿತು. ತಿಂಗಳೊಳಗೆ ಹೆಜ್ಜೆ ಸಡಿಲವಾಯಿತು, ಮುಖದಲ್ಲಿ ನಗು ಕಂಡಿತು. ಆ ವರ್ಷವೆಲ್ಲ ಅವಳು ಮೊದಲಿನಂತೆಯೇ ಇದ್ದಳು ಎನ್ನಬಹುದು. ಎರಡನೇ ವರ್ಷ ಗುಳಿಗೆಯ ಬಲ ಇಷ್ಟು ಗಂಟೆ ಎಂದು ಗಡುವು ಬಂತು. ನುಂಗಿದ ಅರ್ಧ ಗಂಟೆಗೆ ಮೈ ಬಿಡುತ್ತಿತ್ತು, ಮೂರು ಗಂಟೆ ಕಳೆದರೆ ಮತ್ತೆ ಬಿಗಿಯುತ್ತಿತ್ತು. ಮೈಗಿಂತ ಮೊದಲು ಮನಸ್ಸು ಬೀಳುತ್ತಿತ್ತು. ಅಡುಗೆ ಮಾಡುತ್ತಾ ಮಾತಾಡುತ್ತಿದ್ದವಳು ಥಟ್ಟನೆ ಸುಮ್ಮನಾಗಿ, ಯಾರೋ ಸತ್ತ ಸುದ್ದಿ ಬರುತ್ತದೆ ಎಂಬಂತೆ ಬಾಗಿಲು ನೋಡುತ್ತಿದ್ದಳು. "ಒತ್ತಾಯ್ತು ಕಣೀ, ಗುಳಿಗೆ ಕೊಡಿ" ಅನ್ನುತ್ತಿದ್ದಳು. "ಸಂಕ್ಟ ಬಂದ್ರೂ ಗುಳಿಗೆ ಕೇಳ್ಬೇಕು, ಸಂತೋಸ ಬಂದ್ರೂ ಗುಳಿಗೇನೇ ಕೇಳ್ಬೇಕು. ನಂದು ಅನ್ನೋದು ಯಾವುದು ಇದ್ರಲ್ಲಿ?" ಎಂದು ಒಮ್ಮೆ ಕೇಳಿದಳು.

ಕಾಯಿಲೆಯ ವಿಷಯ ಸಿಂಧುಗೆ ಫೋನಿನಲ್ಲಿ ತಿಳಿಸಿದ್ದರು. ಅವಳು ಅತ್ತಳು, ನಂಬಿದಳು. ಬೆಟ್ಟಮ್ಮ ನಂಬಲಿಲ್ಲ. ಮೊಮ್ಮಗಳಿಗೆ ಎರಡು ವರ್ಷ ತುಂಬುವ ದಿನ ತಾನೇ ಬರುತ್ತೇನೆ ಎಂದಳು ಪುಟ್ಟತಾಯಮ್ಮ. ಹೋಗುವ ಬಸ್ಸು, ಹೊಳೆನರಸೀಪುರದಲ್ಲಿ ಬದಲಾಯಿಸುವ ಬಸ್ಸು, ಎಲ್ಲವನ್ನೂ ಗಂಡನಿಂದ ಕೇಳಿ ತಿಳಿದುಕೊಂಡು ಗುಳಿಗೆಯ ಹೊತ್ತನ್ನು ಗೊತ್ತುಮಾಡಿದಳು. ಹೊಳೆನರಸೀಪುರದಲ್ಲಿ ನುಂಗಿದರೆ ಬೀಗರ ಬಾಗಿಲಿಗೆ ಹೋಗುವಾಗ ಮುಖ ನಗುತ್ತಿರಬೇಕು.

ಹಾಗೆಯೇ ನುಂಗಿದಳು. ಚನ್ನರಾಯಪಟ್ಟಣದ ಬಸ್ಸು ಬರಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು, ಮೂರಾಗುತ್ತಾ ಬಂತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳ ಒಳ್ಳೆಯ ಹೊತ್ತೆಲ್ಲ ಕಳೆದುಹೋಯಿತು. ಬಸ್ಸು ಹತ್ತುವಾಗಲೇ ಕಾಲು ಎಳೆಯತೊಡಗಿತ್ತು.

"ವಾಪಸ್ ಓಗಾವಾ?" ಎಂದ ಕಾಂತರಾಜು.

"ಇಲ್ಲ" ಅಂದಳು. ಇಳಿದ ಕೂಡಲೇ ಇನ್ನೊಂದು ಗುಳಿಗೆ ನುಂಗಿದಳು. ಆದರೆ ಅದಕ್ಕೂ ಹೊತ್ತು ಬೇಕಿತ್ತು.

ಬೀಗರ ಮನೆಯ ನಡುಮನೆಯಲ್ಲಿ ಮಗು ಹೊಸ ಲಂಗ ತೊಟ್ಟು ಓಡಾಡುತ್ತಿತ್ತು. "ಅಜ್ಜಿ ಬಂತು ನೋಡು" ಎಂದು ಸಿಂಧು ಎತ್ತಿ ಮುಂದೆ ತಂದಳು. ಪುಟ್ಟತಾಯಮ್ಮ ನಗಬೇಕೆಂದು ಇದ್ದಬದ್ದ ಬಲವನ್ನೆಲ್ಲ ಹಾಕಿದಳು. ತುಟಿ ಕದಲಲಿಲ್ಲ. ಮಗು ಆ ಮುಖವನ್ನು ಒಂದು ಕ್ಷಣ ನೋಡಿ, ಕಿರುಚಿ, ತಾಯಿಯ ಹೆಗಲಲ್ಲಿ ಮುಖ ಹುದುಗಿಸಿತು.

"ಕೂಸಿಗೂ ಗೊತ್ತಾಗ್ತದೆ" ಎಂದಳು ಬೆಟ್ಟಮ್ಮ.

"ಸುಮ್ಕಿರಿ ಅತ್ತೆ! ಅದು ಕಾಯ್ಲೆ!" ಎಂದು ಸಿಂಧು ಕೂಗಿದಳು. ಮಗು ಇನ್ನೂ ಜೋರಾಗಿ ಅತ್ತಿತು.

ಎಲೆ ಹಾಕಿ ಊಟ ಬಡಿಸಿದರು. ಹೊಟ್ಟೆ ತುಂಬಿದ್ದಕ್ಕೋ ಏನೋ ಗುಳಿಗೆ ಕೆಲಸವನ್ನೇ ಮಾಡಲಿಲ್ಲ. ಮಗುವನ್ನು ಮಹಡಿಗೆ ಕರೆದುಕೊಂಡು ಹೋದರು. ಇಳಿಹೊತ್ತಿಗೆ ಅವಳು ಆ ಹೊತ್ತಿನ ಗುಳಿಗೆ ನುಂಗಿದ ಮೇಲೆ ಗಂಡ ಹೆಂಡತಿ ಹೊರಟರು.

ಬಸ್ಸು ಹೊಳೆನರಸೀಪುರಕ್ಕೆ ಇನ್ನೂ ಅರ್ಧ ದಾರಿ ಇರುವಾಗ ಗುಳಿಗೆ ಹತ್ತಿತು. ಭುಜ ಸಡಿಲವಾಯಿತು. ರೆಪ್ಪೆ ಪಟಪಟ ಬಡಿಯಿತು. ಮುಂದಿನ ಸೀಟಿನಲ್ಲಿ ತಾಯಿಯ ಹೆಗಲ ಮೇಲಿಂದ ಯಾರದೋ ಮಗು ಇಣುಕಿ ಅವಳನ್ನು ನೋಡಿ ನಕ್ಕಿತು. ಪುಟ್ಟತಾಯಮ್ಮನೂ ನಕ್ಕಳು, ಬಾಯಿ ತುಂಬ. ಹಾಗೆ ನಗುತ್ತಲೇ ಅಳತೊಡಗಿದಳು. ಕಾಂತರಾಜು ಕಿಟಕಿಯ ಕಡೆ ತಿರುಗಿ ಕೂತ.

ಆಮೇಲೆ ಅವಳು ಚನ್ನರಾಯಪಟ್ಟಣಕ್ಕೆ ಹೋಗಲಿಲ್ಲ. ಮನಸ್ಸಿಗೂ ಬೇರೆ ಗುಳಿಗೆ ಕೊಟ್ಟರು, ಅದರಿಂದ ನಿದ್ದೆ ಬಂತು, ಅಷ್ಟೆ. ಮರುವರ್ಷ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದರೂ ಮತ್ತೆ ನಡೆಯಲಾಗಲಿಲ್ಲ. ಆಗ ಸಿಂಧು ಅತ್ತೆಯ ಮಾತು ಕೇಳದೆ ಮಗಳನ್ನು ಕರೆದುಕೊಂಡು ಬಂದು ನಿಂತಳು. ಒಂದು ಮಧ್ಯಾಹ್ನ ತಾಯಿಗೆ ಗಂಜಿ ಕುಡಿಸುತ್ತಾ ಅವಳಿಗೆ ತಡೆಯಲಾಗಲಿಲ್ಲ.

"ಅವ್ವಾ, ಅವತ್ತು ನಾನು ಆಚೆ ಓಗು ಅಂದ್ಬುಟ್ನಲ್ಲ..."

ಪುಟ್ಟತಾಯಮ್ಮನ ದನಿ ಆಗ ಪಿಸುಮಾತಿಗೆ ಇಳಿದಿತ್ತು. ಸಿಂಧು ಬಾಗಿ ಕಿವಿ ಕೊಟ್ಟಳು.

"ನೀನೂ ಹೆತ್ತೋಳಲ್ವಾ ಮಗ. ನಾನಾಗಿದ್ರೂ ಅಂಗೇ ಅಂತಿದ್ದೆ."

ಮೊಮ್ಮಗಳು ಅಷ್ಟು ದಿನವೂ ಕೋಣೆಯ ಹೊಸ್ತಿಲು ದಾಟಲಿಲ್ಲ. ಬಲವಂತ ಮಾಡಬೇಡಿ ಎಂದು ಪುಟ್ಟತಾಯಮ್ಮನೇ ಹೇಳಿದ್ದಳು. ಮಂಚದಿಂದ ಬಾಗಿಲು ಕಾಣುವಂತೆ ತಲೆದಿಂಬನ್ನು ತಿರುಗಿಸಿ ಹಾಕಿಸಿಕೊಂಡಿದ್ದಳು.

ಕಾರ್ತಿಕದ ಚಳಿಯಲ್ಲಿ ಗಂಜಿ ನೆತ್ತಿಗೆ ಹತ್ತಿ ಎದೆಯಲ್ಲಿ ಕಫ ಕಟ್ಟಿತು. ಐದನೇ ದಿನ ತೀರಿಕೊಂಡಳು. ಆಗ ಅವಳಿಗೆ ಐವತ್ತೆಂಟು. ತಿಥಿ ಮುಗಿದ ಮೇಲೆ ಪ್ರತಿಭಾ ಬಂದಾಗ, ಸಾಲಗಾಮೆ ಕಡೆಯ ಹೆಂಗಸೊಬ್ಬಳಿಗೂ ಇದೇ ಕಾಯಿಲೆ ಎಂದು ಗೊತ್ತಾಗಿದೆ ಎಂದಳು. ಕಾಂತರಾಜು ಆ ಹೆಂಗಸಿನ ಊರು, ಮನೆ ಎಲ್ಲಿ ಎಂದು ಕೇಳಿಕೊಂಡ. "ಅವರ ಮನೆಯೋರ್ಗೆ ನಾನೇ ಓಗಿ ಏಳ್ತೀನಿ" ಅಂದ. "ಮುನಿಸ್ಕೊಂಡವಳೆ ಅಂತ ತಿಳ್ಕೊಂಬುಟ್ಟಾರು."