ಒಂದೇ ಬೇರು

ಸುಂಟಿಕೊಪ್ಪದಲ್ಲಿ ಗುರುಲಿಂಗಪ್ಪನವರು ಬಸ್ಸಿಳಿದರೆಂದರೆ ಮದುವೆ ಗೊತ್ತಾದ ಮನೆಯವರ ಎದೆ ಧಸಕ್ಕೆನ್ನುತ್ತದೆ. ಒಂದೇ ಮನೆತನದ ಹೆಸರಿನವರು ಅಣ್ಣ-ತಂಗಿ ಆಗುತ್ತಾರಲ್ಲ, ಅದಕ್ಕೇ ಮಡಿಕೇರಿಯ ಹಳೇ ಕಡತಗಳಲ್ಲಿ ಗಂಡು-ಹೆಣ್ಣಿನ ಮುತ್ತಜ್ಜಂದಿರನ್ನು ಹುಡುಕಿ ತೆಗೆಯುವುದು ಅವರಿಗೆ ಹಿಡಿದ ಹುಚ್ಚು. ಚಪ್ಪರ ಹಾಕಿದ್ದರೂ ಸರಿ, ಹೆತ್ತವರು ಕಾಲು ಹಿಡಿದರೂ ಸರಿ, ಕನ್ನಡಕ ಒರೆಸಿಕೊಂಡು "ಒಂದೇ ಬೇರು ಕಣ್ರೀ, ಬಿಡ್ಸಿಬಿಡಿ" ಎಂದು ಎದ್ದುಬಿಡುತ್ತಾರೆ. ಹಾಗೆ ಮದುವೆ ಮುರಿದ ಹುಡುಗಿಯೊಬ್ಬಳು ಕೆರೆಗೆ ಹಾರಿದಾಗಲೂ "ದೊಡ್ಡ ಪಾಪ ತಪ್ತಲ್ಲ" ಎಂದವರು. ಹೋದ ವರ್ಷ ಅದೇ ಕಡತಗಳಲ್ಲಿ ಹೆಂಡತಿ ಸುಲೋಚನಮ್ಮನ ಮುತ್ತಜ್ಜನೂ ಸಿಕ್ಕಿದ. ಅವನ ಮನೆತನದ ಹೆಸರು ಇವರದೇ. ಯಾರಿಗೂ ಹೇಳಲಿಲ್ಲ. ಆದರೆ ಈಗ ಆಕೆ ಕಾಫಿ ತಂದರೆ ಮೊದಲಿನಂತೆ "ಲೇ" ಎನ್ನುವುದಿಲ್ಲ. ತಲೆ ತಗ್ಗಿಸಿ, "ಅಲ್ಲಿಟ್ಟೋಗು ತಂಗೀ" ಎನ್ನುತ್ತಾರೆ.